ನೆರಳು ಸರಿಸುವ ಹೊತ್ತು

ಏಪ್ರಿಲ್ 2. ಮಧ್ಯಾಹ್ನ 12

ಬಿಸಿಲು — ಏಳರಿಂದ ಹನ್ನೊಂದು, ನೆರಳುಬಟ್ಟೆ ಕೆಳಗೆ. ನೋವು — ಇಲ್ಲ. ಗುಳಿಗೆ — ನುಂಗಿದೆ. ಕಣ್ಣಿಗೆ ಹನಿ — ಎರಡು ಸಲ.

ಇಷ್ಟೇ ಬರೀರಿ ಅಂದಿದ್ರು ಡಾಕ್ಟರಮ್ಮ. ದಿನಾ ಎಷ್ಟು ಹೊತ್ತು ಬಿಸಿಲಲ್ಲಿದ್ದೆ, ಆಮೇಲೆ ಏನಾಯ್ತು. ಆದ್ರೆ ಪೆನ್ನು ಕೈಗೆ ಬಂದ ಮೇಲೆ ಸುಮ್ನಿರೋ ಪೈಕಿ ಅಲ್ಲ ನಾನು. ಹಿಂದಿನ ನೋಟ್‌ಬುಕ್ಕು ತುಂಬಾ ಬೈಗುಳವೇ. ಅವರಿಗೆ ತೋರಿಸೋಕೆ ಬೇರೆ ಚೀಟಿ ಇದೆ.

ಹೊಸ ಕೆಲಸ. ಔಷಧಿ ಗೋದಾಮಿನ ತಾರಸಿ. ಮೂರನೇ ಮಹಡಿ ಮೇಲೆ, ಚಪ್ಪಟೆ, ಮೈದಾನದಷ್ಟು. ಒಳಗೆ ಸೆಕೆ ಇಳೀಬಾರ್ದು ಅಂತ ಬೆಳ್ಳಿ ಪೇಂಟು, ಎರಡು ಕೋಟು. ನಾನು, ತಮ್ಮ, ಇಬ್ರೇ. ತಮ್ಮ ಅಂದ್ರೆ ಕಡ್ಡಿ. ನಲವತ್ತು ದಾಟಿದೆ, ಎರಡು ಮಕ್ಕಳ ಅಪ್ಪ, ನನ್ನ ಬಾಯಲ್ಲಿ ಇನ್ನೂ ಕಡ್ಡಿನೇ.

ರೋಲರ್ ಎಳೆಯೋದು ಅವನ ಕೆಲಸ. ಜೊತೆಗೆ ನೆರಳು ಸರಿಸೋದು. ನಾಲ್ಕು ಕೋಲಿನ ಮೇಲೆ ದಪ್ಪ ಬಟ್ಟೆ. ನಮ್ಮವರೇ ಹೊಲಿದುಕೊಟ್ಟಿದ್ದು, ಅವರು ಟೈಲರ್ ತಾನೇ. ಸೂರ್ಯ ಸರಿದ ಹಾಗೆ ಅರ್ಧ ಗಂಟೆಗೊಮ್ಮೆ ಕೋಲು ಎತ್ತಿ ಇಡಬೇಕು. ಕೆಳಗೆ ನಾನು — ಅಂಚು, ಬಿರುಕು, ಪೈಪಿನ ಬುಡ. ಕೊನೆಗೆ ಎಲ್ಲಾ ಸರಿಯಾಗಿದೆಯಾ ಅಂತ ನೋಡೋದು.

ಇಷ್ಟೆಲ್ಲಾ ಮೆರವಣಿಗೆ ಯಾಕಪ್ಪಾ ಅಂದ್ರೆ ಸರ್ಪಸುತ್ತು. ಎರಡು ಸಲ ಆಗಿದೆ ನನಗೆ. ಹೋದ ಬೇಸಿಗೇಲಿ ಪಕ್ಕೆಗೆ. ಈ ಫೆಬ್ರವರೀಲಿ ಹಣೆಗೆ, ಬಲಗಣ್ಣಿನ ರೆಪ್ಪೆವರೆಗೂ ಇಳೀತು. ಎರಡು ಸಲವೂ ಟೋಪಿ ಇಲ್ದೆ ವಾರಗಟ್ಟಲೆ ತಾರಸಿ ಮೇಲೆ ಬೆಂದ ಮೇಲೆ. "ಇನ್ನೊಂದ್ಸಲ ಅದೇ ಜಾಗಕ್ಕೆ ಬಂದ್ರೆ ಕಣ್ಣಿನ ಮಾತು ನಾನು ಹೇಳಲಾರೆ" ಅಂದ್ರು ಡಾಕ್ಟರಮ್ಮ.

ಬಲಗಣ್ಣು. ನಾನು ಬದುಕ್ತಿರೋದೇ ಅದರ ಮೇಲೆ.

ಏಪ್ರಿಲ್ 4. ಸಂಜೆ

ಬಿಸಿಲು — ನೆರಳಲ್ಲೇ, ಇಪ್ಪತ್ತು ನಿಮಿಷ ಬಿಟ್ಟು. ಆ ಇಪ್ಪತ್ತು ನಿಮಿಷಕ್ಕೆ ಕಡ್ಡಿಯ ಕೆನ್ನೆಗೆ ಬಾರಿಸಿದೆ.

ಬಟ್ಟೆ ಅಲ್ಲೇ ಇದೆ, ಬಿಸಿಲು ಬಂದು ನನ್ನ ಮೊಣಕೈ ಮೇಲೆ ಕೂತಿದೆ. ಇವನು ನೀರಿನ ಟ್ಯಾಂಕಿಗೆ ಒರಗಿ ಗೊರಕೆ. ಎಬ್ಬಿಸಲಿಲ್ಲ, ಹೊಡೆದೆ. ಕೆನ್ನೆ ಉಜ್ಕೊಂಡು "ಮಗೂಗೆ ಜ್ವರ ಅಕ್ಕಾ, ರಾತ್ರಿ ಕಣ್ಣೇ ಮುಚ್ಚಿಲ್ಲ" ಅಂದ.

"ಮಗೂ ಜ್ವರ ಇಳಿಯುತ್ತೆ. ನನ್ನ ಕಣ್ಣು ಹೋದ್ರೆ ನಿಮ್ಮಪ್ಪ ಬಂದು ಕೊಡ್ತಾನಾ?"

"ನಿಮ್ಮಪ್ಪಾನೂ ಅವನೇ ಅಲ್ವಾ ಅಕ್ಕ."

ನಗು ಬಂತು. ಆದ್ರೂ ಇನ್ನೊಂದು ಕೊಟ್ಟೆ.

ಕೈ ಮುಂದು ನನ್ನದು, ಮೊದಲಿಂದಲೂ. ಅಮ್ಮ ಹೋದಾಗ ಅವನಿಗೆ ನಾಲ್ಕು, ನನಗೆ ಹದಿನಾಲ್ಕು. ಎತ್ತಿ ಆಡಿಸಿದ್ದೂ ಈ ಕೈಯೇ, ಚಚ್ಚಿದ್ದೂ ಈ ಕೈಯೇ. ಆ ವರ್ಷವೇ ಅವನಿಗೆ ನೀರುಸಿಡುಬು ಆಯ್ತು. ಪಕ್ಕದಲ್ಲೇ ಮಲಗಿಸಿಕೊಂಡಿದ್ದೆ, ನನಗೂ ಅಂಟಿತು. ಅದೇ ವೈರಸ್ಸು ನರದ ಬುಡದಲ್ಲಿ ಅಡಗಿ ಕೂತಿರುತ್ತಂತೆ, ವಯಸ್ಸಾದ ಮೇಲೆ ಸರ್ಪಸುತ್ತಾಗಿ ಎದ್ದು ಬರುತ್ತಂತೆ. ಕೇಳಿದ ತಕ್ಷಣ ಅಂದ್ಕೊಂಡೆ — ತಗೋ, ಇದಕ್ಕೂ ಅವನೇ ಕಾರಣ.

"ಎದ್ದು ಬರೋದು ಬಿಸಿಲಿಗೇನಾ?" ಅಂತ ಕೇಳಿದ್ದೆ ಅವತ್ತು.

"ಇರಬಹುದು" ಅಂದ್ರು ಡಾಕ್ಟರಮ್ಮ. "ಬೇಸಿಗೇಲಿ ಜಾಸ್ತಿ ಜನ ಬರೋದು ನೋಡಿದ್ದೀನಿ. ಹೀಗೇ ಅಂತ ಖಡಾಖಂಡಿತ ಹೇಳಕ್ಕಾಗಲ್ಲ. ವಯಸ್ಸು, ಸುಸ್ತು, ಟೆನ್ಷನ್... ಏನು ಬೇಕಾದ್ರೂ ಆಗಬಹುದು. ನಿಮಗೆ ಸಿಟ್ಟು ಜಾಸ್ತೀನಾ?"

"ಇಲ್ವಲ್ಲ" ಅಂದೆ. ಪಕ್ಕದಲ್ಲಿ ಕೂತಿದ್ದ ನಮ್ಮವರಿಗೆ ಕೆಮ್ಮು ಶುರುವಾಯ್ತು.

ಇರಬಹುದು ಅಂದ್ರೆ ಹೌದು ಅಂತಲೇ ನಾನು ತಿಳ್ಕೊಂಡಿರೋದು. ಅಡಗಿ ಕೂತ ಕಳ್ಳನ್ನ ಬಿಸಿಲು ಎಬ್ಬಿಸುತ್ತೆ. ಬಿಸಿಲನ್ನ ತಡೀಬೇಕಾದವನು ಕಡ್ಡಿ. ಇಷ್ಟೇ ವಿಷಯ.

ಏಪ್ರಿಲ್ 6. ಮಧ್ಯಾಹ್ನ

ನೋವು — ಇಲ್ಲ. ಸಿಟ್ಟು — ಕೇಳಬೇಡಿ.

ಎರಡನೇ ಕೋಟು ಶುರು. ಬೆಳ್ಳಿ ಮೇಲೆ ಬೆಳ್ಳಿ. ಎಲ್ಲಿ ಬಳಿದಿದೆ, ಎಲ್ಲಿ ಬಿಟ್ಟಿದೆ, ನಿಂತು ನೋಡಿದ್ರೆ ದೇವರಿಗೂ ಗೊತ್ತಾಗಲ್ಲ. ಒದ್ದೆ ಜಾಗ ಮಿನುಗುತ್ತೆ, ಬಿಟ್ಟ ಜಾಗ ಸಪ್ಪೆ. ಅದೂ ನೆರಳಲ್ಲಿ ಕಾಣಲ್ಲ. ನೆರಳಿನ ಅಂಚಿಗೆ ಹೋಗಿ, ಕೆನ್ನೆ ನೆಲಕ್ಕೆ ತಾಗೋ ಹಾಗೆ ಮಲಗಿ, ಎಡಗಣ್ಣು ಮುಚ್ಚಿ, ಬಿಸಿಲು ಬಿದ್ದ ಕಡೆ ಬಲಗಣ್ಣಲ್ಲಿ ನೋಡಬೇಕು. ಕಪ್ಪು ಕನ್ನಡಕ ಹಾಕಿದ್ರೆ ಕೆಲಸ ಕೆಡುತ್ತೆ, ತೆಗೆದಿಟ್ಟೆ. ಇಪ್ಪತ್ತೆಂಟು ವರ್ಷದಿಂದ ಹೀಗೇ. ಈ ಕಣ್ಣು ತಪ್ಪಿಸ್ಕೊಂಡು ಬೆರಳಗಲ ಜಾಗವೂ ಹೋಗಿಲ್ಲ.

ಮಲಗಿ ನೋಡ್ತೀನಿ — ಆ ಕಡೆ ಎರಡು ಮಾರು ಉದ್ದ ಬಿಟ್ಟಿದ್ದಾನೆ, ಮಹಾರಾಯ! ಎದ್ದು ಡಬ್ಬ ಒದ್ದೆ. ಅರ್ಧ ಡಬ್ಬ ಬೆಳ್ಳಿ ಅವನ ಕಾಲ ಮೇಲೆ. "ಈಗ ಕಾಣುತ್ತಾ ಎಲ್ಲಿ ಬಿಟ್ಟಿದ್ದೀಯ ಅಂತ?" ಅಂದೆ. ಅವನೂ ಬ್ರಷ್ ಎತ್ತಿ ಗೋಡೆಗೆ ಅಪ್ಪಳಿಸಿದ, ಹಿಡಿ ಮುರೀತು. "ಒಂದಿನ ನಾನೂ ಕೈ ಎತ್ತುತೀನಿ ಅಕ್ಕ, ಆಮೇಲೆ ಅಳಬೇಡ."

"ಎತ್ತು ನೋಡೋಣ."

ಎತ್ತಲಿಲ್ಲ. ಹೋಗಿ ಬಟ್ಟೆ ಸರಿಸಿದ.

ಏಪ್ರಿಲ್ 8. ಬೆಳಗ್ಗೆ 11.40

ಹಣೆ ಚುರುಚುರು. ಬಲಗಡೆ. ಕೂದಲು ಬಾಚೋಕೂ ಆಗ್ತಿಲ್ಲ.

ಇಲ್ಲ ಇಲ್ಲ ಇಲ್ಲ. ಟೋಪಿ ಹಾಕಿದ್ದೆ. ಉದ್ದ ತೋಳು ಹಾಕಿದ್ದೆ. ನೆರಳಲ್ಲಿದ್ದೆ. ಎಲ್ಲಿಂದ ಬಂತು?

ಕಡ್ಡಿಯಿಂದ. ಇನ್ನೆಲ್ಲಿಂದ? ಎರಡು ದಿನದಿಂದ ನೋಡ್ತಿದ್ದೀನಿ, ಜೇಬಿಂದ ಫೋನ್ ತೆಗೀತಾನೆ, ನೋಡ್ತಾನೆ, ಇಡ್ತಾನೆ. ಮತ್ತೆ ತೆಗೀತಾನೆ. ನಾನು ತಲೆ ಬಗ್ಗಿಸಿದಾಗ ನೆರಳು ಎಲ್ಲಿತ್ತೋ ಯಾರಿಗೆ ಗೊತ್ತು? ಕಿತ್ಕೊಳ್ಳೋಕೆ ಹೋದೆ. ಮುಷ್ಟಿ ಬಿಡಲಿಲ್ಲ. ಅವನ ಕೈ ಕಚ್ಚಿದೆ, ಹಲ್ಲಿನ ಗುರುತು ಬಿತ್ತು.

"ಟೈಮ್ ನೋಡ್ತಿದ್ದೆ ಅಕ್ಕ! ಟೈಮು!"

"ಟೈಮ್ ನೋಡೋಕೆ ದಿನಕ್ಕೆ ಇಪ್ಪತ್ತು ಸಲವಾ? ಕಿವಿ ಮೇಲೆ ಹೂವು ಇಡ್ತೀಯಾ ನನಗೆ?"

ಮನೆಗೆ ಬಂದು ಕನ್ನಡಿ ನೋಡ್ಕೊಂಡೆ. ಇನ್ನೂ ಗುಳ್ಳೆ ಇಲ್ಲ. ಇವತ್ತೇ ಡಾಕ್ಟರ್ ಹತ್ರ ಹೋಗು ಅಂದ್ರು ನಮ್ಮವರು. ನಾಳೆ ಒಂದಿನ, ಕೊನೇ ಮೂಲೆ ಮುಗಿಸಿ ಹೋಗ್ತೀನಿ ಅಂದೆ. "ನಿನ್ನ ಹಟಕ್ಕೆ ಬೆಂಕಿ ಹಾಕ" ಅಂದ್ರು. ಮೂವತ್ತು ವರ್ಷದಲ್ಲಿ ಅವರ ಬಾಯಲ್ಲಿ ಬಂದ ದೊಡ್ಡ ಬೈಗುಳ ಇದೇ.

ಏಪ್ರಿಲ್ 9.

ಹೊಡೆದೆ.

ರೋಲರ್ ಕೋಲಲ್ಲಿ, ಕಬ್ಬಿಣದ್ದು. ಭುಜಕ್ಕೆ ಒಂದು. ತಲೆ ತಪ್ಪಿಸ್ಕೊಂಡ, ಕಿವಿ ಹತ್ರ ಇನ್ನೊಂದು. ಬೆಳಗಿಂದ ಹಣೆಯೊಳಗೆ ಕಾದ ಕಂಬಿ ಆಡಿಸಿದ ಹಾಗಿತ್ತು, ಗುಳ್ಳೆ ಎದ್ದಿತ್ತು, ಬಲಗಣ್ಣಿಂದ ನೀರು. ತಲೆ ಎತ್ತಿದೆ. ಅವನು ಫೋನ್ ಹಿಡ್ಕೊಂಡು ನನ್ನ ಕಡೆಗೇ ಬರ್ತಿದ್ದ. ಫೋನ್! ಕಣ್ಣಿಗೆ ಬೇರೇನೂ ಕಾಣಲಿಲ್ಲ.

"ಅಕ್ಕಾ ಬೇಡ" ಅಂದ. ಹಿಂದೆ ಸರಿದ. ಮೂರನೇದು ಬೀಸಿದೆ. ಅದು ತಗಲಲೇ ಇಲ್ಲ.

ಹಿಂದೆ ನೆಲದಲ್ಲಿ ಏಣಿಯ ಕಿಂಡಿ ಇತ್ತು. ಡಬ್ಬ ಏರಿಸೋಕೆ ಅಂತ ಬೆಳಗ್ಗೆ ನಾನೇ ಬಾಗಿಲು ತೆಗೆಸಿದ್ದೆ.

ಹನ್ನೆರಡು ಅಡಿ. ಕೆಳಗೆ ಮೂರನೇ ಮಹಡಿಯ ಸಿಮೆಂಟ್ ನೆಲ. ಬಿದ್ದ ಸದ್ದು... ಬರೆಯೋಕಾಗಲ್ಲ.

ಕಾವಲುಗಾರ ಓಡಿ ಬಂದ. ಹೇಗಾಯ್ತು ಅಂದ. ಕಡ್ಡಿ ಬಾಯಲ್ಲಿ ರಕ್ತ, ಕಾಲು ಎಲ್ಲೋ ತಿರುಗಿದೆ. ಅವನೇ ಹೇಳಿದ — "ಕಾಲು ಜಾರ್ತು." ನನ್ನ ಕಡೆ ನೋಡಿದ.

ನಾನೂ ತಲೆ ಆಡಿಸಿದೆ.

ಏಪ್ರಿಲ್ 15.

ಅಕ್ಷರ ಗೆರೆ ಬಿಟ್ಟು ಓಡ್ತಿವೆ. ಒಂದೇ ಕಣ್ಣು. ಬಲಗಣ್ಣಿಗೆ ಪಟ್ಟಿ.

ಐದು ದಿನ ಏನಾಯ್ತೋ ಸರಿಯಾಗಿ ನೆನಪಿಲ್ಲ. ಗೋಡೆಗೆ ತಲೆ ಚಚ್ಕೊಂಡೆನಂತೆ. ಔಷಧಿ ಹಾಕೋಕೆ ಬಂದ ನಮ್ಮವರ ಎದೆಗೆ ಒದ್ದೆನಂತೆ. ಪಾಪ, ಈಗ್ಲೂ ಬಗ್ಗಿದ್ರೆ ಹಿಡ್ಕೊಳ್ತಾರೆ, ಕೇಳಿದ್ರೆ ವಾಯು ಅಂತಾರೆ.

ಕಡ್ಡಿಗೆ ತೊಡೆ ಮೂಳೆ ಎರಡು ತುಂಡು. ರಾಡು ಹಾಕಿದ್ದಾರೆ. ಕಾಲರ್ ಮೂಳೆಯೂ ಮುರಿದಿದೆ. ಏಣಿ ಹತ್ತೋ ಕೆಲಸ ಇನ್ನಿಲ್ಲ ಅಂದ್ರಂತೆ. ನಾನು ಹೋಗಿಲ್ಲ. ಗುಳ್ಳೆ ಒಣಗೋವರೆಗೂ ವಾರ್ಡಿಗೆ ಹೋಗಬಾರ್ದು, ಬೇರೆಯವರಿಗೆ ಅಂಟಬಹುದು ಅಂದಿದ್ದಾರೆ ಡಾಕ್ಟರಮ್ಮ. ಸತ್ಯ ಹೇಳಬೇಕಂದ್ರೆ ಒಳ್ಳೇ ನೆಪ ಸಿಕ್ತು.

ಇವತ್ತು ಪಟ್ಟಿ ಬದಲಾಯಿಸೋಕೆ ಹೋದಾಗ ಡಾಕ್ಟರಮ್ಮ ನನ್ನ ಗದ್ದ ಹಿಡಿದು ಮೇಲೆತ್ತಿದ್ರು. "ಟೋಪಿ ಹಾಕಿದ್ದೆ, ನೆರಳಲ್ಲಿದ್ದೆ ಅಂತೀರಾ. ಗುಳ್ಳೆ ಬಿಟ್ರೆ ಹಣೆ, ಮೂಗಿನ ಮೇಲೆ ಬಿಸಿಲಿಗೆ ಸುಟ್ಟಿಲ್ಲ ನಿಜ. ಆದ್ರೆ ಗದ್ದದ ಕೆಳಗೆ ಯಾಕೆ ಹೀಗೆ ಸುಟ್ಟಿದೆ? ಮೂಗಿನ ಅಡಿ? ಹುಬ್ಬಿನ ಅಡಿ?"

ಕನ್ನಡಿ ಕೊಟ್ರು. ಚರ್ಮ ಸುಲಿದು ಕೆಂಪಗಾಗಿದೆ, ಎಲ್ಲಾ ಕೆಳಗಡೆ.

"ಯಾವ ಬಣ್ಣ ಬಳೀತಿದ್ರಿ?"

ಬೆಳ್ಳಿ ಅಂದೆ. ಅಂದವಳು ಅಲ್ಲೇ ಕೂತೆ.

ಬಿಸಿಲು ಮೇಲಿಂದ ಬಂದಿಲ್ಲ. ನೆಲದಿಂದ ಬಂದಿದೆ. ನಾನೇ ಬಳಿದ ನೆಲದಿಂದ. ನಾನೇ ಮಲಗಿ, ಕನ್ನಡಕ ತೆಗೆದಿಟ್ಟು, ಆ ಕನ್ನಡಿಗೆ ಬಲಗಣ್ಣು ಒಡ್ಡಿದ್ದೀನಿ. ನೆರಳುಬಟ್ಟೆ ಸರಿಯಾಗೇ ಇತ್ತು. ಸರಿಯಾಗೇ ಇತ್ತು.

"ಹಾಗಾದ್ರೆ ಇದರಿಂದ್ಲೇ ಬಂತಾ?" ಕೇಳಿದೆ.

"ಇರಬಹುದು. ಇಲ್ದೇನೂ ಇರಬಹುದು." ಅದೇ ಮಾತು. ಅದೇ ಮಾತಿಗೆ ನಾನು ಅವನ ಕಾಲು ಮುರಿದೆ.

ಏಪ್ರಿಲ್ 16. ಬೆಳಗ್ಗೆ 7

ಕಡ್ಡಿ ಫೋನು ನಮ್ಮನೇಲಿದೆ. ಬಿದ್ದ ಜಾಗದಿಂದ ನಮ್ಮವರು ಎತ್ಕೊಂಡು ಬಂದಿದ್ರು. ಗಾಜು ಒಡೆದಿದೆ. ಚಾರ್ಜ್ ಸತ್ತು ಬಿದ್ದಿತ್ತು, ಆಸ್ಪತ್ರೆಗೆ ಕಳಿಸೋಣ ಅಂತ ಇವತ್ತು ಚಾರ್ಜಿಗೆ ಹಾಕಿದ್ರು.

ಈಗ ಗುರ್ ಅಂತ ನಡುಗ್ತು, ಸ್ಟೀಲ್ ಕಪಾಟಿನ ಮೇಲೆ. ಯಾರದೋ ಕಾಲ್ ಇರಬೇಕು ಅಂತ ಎತ್ತಿದೆ. ಕಾಲ್ ಅಲ್ಲ, ಅಲಾರಂ. ಒಡೆದ ಗಾಜಿನ ಒಳಗೆ ಬರೆದಿದೆ — ಅಕ್ಕನ ನೆರಳು.

7.30

ಮತ್ತೆ. ಅಕ್ಕನ ನೆರಳು.

8.00

ಮತ್ತೆ. ತಾರಸಿ ಮೇಲೆ ಗಾಳಿ ಫ್ಯಾನುಗಳ ಗದ್ದಲ, ರಿಂಗಾದ್ರೆ ಕೇಳ್ಸಲ್ಲ. ಅದಕ್ಕೇ ಜೇಬಲ್ಲಿ ನಡುಗೋ ಹಾಗೆ ಇಟ್ಕೊಂಡಿದ್ದಾನೆ. ಟೈಮ್ ನೋಡ್ತಿದ್ದೆ ಅಂದಿದ್ದ. ನಿಜವೇ ಹೇಳಿದ್ದ, ಬಡ್ಡಿಮಗ. ಅವತ್ತು ನನ್ನ ಕಡೆ ಬರ್ತಿದ್ದದ್ದು ಕೋಲು ಎತ್ತಿ ಇಡೋಕೆ.

ಮಧ್ಯಾಹ್ನ 12

ಹನ್ನೊಂದರವರೆಗೂ ನಡುಗ್ತಾನೇ ಇತ್ತು. ಆಫ್ ಮಾಡಲಾ ಅಂದ್ರು ನಮ್ಮವರು. ಮುಟ್ಟಿದ್ರೆ ಕೈ ಕತ್ತರಿಸ್ತೀನಿ ಅಂದೆ. ಆಮೇಲೆ ಅಡುಗೆಮನೆ ಬಾಗಿಲು ಹಾಕ್ಕೊಂಡು ಬಲಗೈಯನ್ನ ಕಲ್ಲಿನ ಕಟ್ಟೆಗೆ ಚಚ್ಚಿದೆ. ಮೂರು ಸಲ. ಅದಕ್ಕೂ ಗೊತ್ತಾಗಲಿ.

ಏಪ್ರಿಲ್ 24. ಆಸ್ಪತ್ರೆ ವರಾಂಡ, 9.10

ಗುಳ್ಳೆ ಒಣಗಿ ಉದುರಿವೆ. ನೆಪ ಮುಗೀತು.

ಪಟ್ಟಿ ಬಿಚ್ಚಿದ್ರು. ಬಲಗಣ್ಣಿಗೆ ಬೆಳಕು ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ. ಇನ್ನು ಎಷ್ಟು ಬರುತ್ತೋ ನೋಡೋಣ ಅಂದ್ರು. ಯಾರನ್ನ ಬೈಯ್ಯಲಿ?

ಅವನ ಹೆಂಡತಿ ಬಾಗಿಲಲ್ಲೇ ಸಿಕ್ಕಳು. "ನೀವು ಅಲ್ಲೇ ಇದ್ರಂತಲ್ಲ ಅತ್ತಿಗೆ, ಜಾರಿದಾಗ ಕೈ ಹಿಡ್ಕೊಳ್ಳೋಕೂ ಆಗ್ಲಿಲ್ವಾ?" ಅಂದಳು.

"ಜಾರಿಲ್ಲ ಅವನು. ನಾನು ಕೋಲಲ್ಲಿ ಹೊಡೆದೆ. ಹಿಂದೆ ಸರಿದು ಬಿದ್ದ."

ಕೆನ್ನೆಗೆ ಬಾರಿಸಿದಳು. ಸಣ್ಣ ಕೈ, ಚೆನ್ನಾಗೇ ಬಿತ್ತು. ಇನ್ನೊಂದು ಬೇಕಾದ್ರೂ ಕೊಡು ಅಂದೆ. ಅಳ್ತಾ ಕೆಳಗೆ ಹೋದಳು.

ಒಳಗೆ ಹೋದೆ. ಕಡ್ಡಿ ನಿಜವಾಗ್ಲೂ ಕಡ್ಡಿ ಆಗಿದ್ದಾನೆ. ನನ್ನ ನೋಡಿದ. ಪಕ್ಕದಲ್ಲಿದ್ದ ನೀರಿನ ಸ್ಟೀಲ್ ಲೋಟ ಎತ್ತಿ ಬೀಸಿದ. ಎಡಗೈ, ಆದ್ರೂ ಗುರಿ ತಪ್ಪಲಿಲ್ಲ. ಬಲಗಡೆಯಿಂದ ಬಂದದ್ದು ನನಗೆ ಕಾಣಲೇ ಇಲ್ಲ. ಹುಬ್ಬು ಒಡೀತು. ರಕ್ತ ನೋಡಿ ಅವನೇ ಹೆದರಿದ.

"ಅಳಬೇಡ ಅಂದಿದ್ನಲ್ಲ" ಅಂದ.

"ಅಳ್ತಾ ಇಲ್ವೋ. ಅದು ರಕ್ತ."

ಫೋನು ಅವನ ಹಾಸಿಗೆ ಮೇಲಿಟ್ಟೆ. ಕ್ಷಮಿಸು ಅಂತ ಹೇಳ್ಬೇಕಿತ್ತು. ನರ್ಸು ನನ್ನ ಹೊರಗೆ ಎಳ್ಕೊಂಡು ಬಂದು ಮೂರು ಹೊಲಿಗೆ ಹಾಕಿದಳು.

ಏಪ್ರಿಲ್ 25. ಅವನ ಹಾಸಿಗೆ ಪಕ್ಕ, 9.50

ಅವನ ಹೆಂಡತಿ ಮಕ್ಕಳ ಹತ್ರ ಹೋಗಿದ್ದಾಳೆ. ನನಗೆ ಒಂದು ಮಾತು ಹೇಳದೆ ಹೋದಳು. ಕೂರಬೇಡ ಅಂತಲೂ ಹೇಳಲಿಲ್ಲ.

ಕಿಟಕಿ ಪೂರ್ವಕ್ಕಿದೆ. ಪರದೆ ಕೊಂಡಿ ಮುರಿದು ಅರ್ಧಕ್ಕೇ ನಿಂತಿದೆ. ಬೆಳಗ್ಗೆಯಿಂದ ಬಿಸಿಲು ನೇರ ಅವನ ಮುಖಕ್ಕೆ. ಹೊರಳೋಕಾಗಲ್ಲ, ಕಾಲು ಕಟ್ಟಿಹಾಕಿದ್ದಾರೆ. ಕಣ್ಣು ಮುಚ್ಕೊಂಡು ಹಲ್ಲು ಕಚ್ತಾನೆ, ನನ್ನ ಮಾತ್ರ ಕೇಳಲ್ಲ. ಆ ನೀರುಸಿಡುಬು ಅವನೊಳಗೂ ಮಲಗಿದೆ ತಾನೇ. ಎಬ್ಬಿಸೋದು ಬಿಸಿಲೋ, ನೋವೋ, ಸಿಟ್ಟೋ, ನನಗೇನು ಗೊತ್ತು? ಇನ್ನು ಯಾವುದನ್ನೂ ಗೊತ್ತು ಅನ್ನಲ್ಲ.

ಮನೆಯಿಂದ ನೆರಳುಬಟ್ಟೆ ತಂದಿದ್ದೀನಿ. ಕೋಲು ಒಳಗೆ ಬಿಡಲಿಲ್ಲ. ಸ್ಟೂಲ್ ಮೇಲೆ ನಿಂತು ಕೈಯಲ್ಲೇ ಹಿಡಿದಿದ್ದೆ, ಒಂಬತ್ತೂವರೆಗೆ ಫೋನ್ ನಡುಗಿದಾಗ. ಬೆನ್ನು ಬಿಸಿಲಿಗೆ ಕೊಟ್ಟು. ಅವನ ಮುಖದ ಮೇಲಿಂದ ಬಿಸಿಲು ದಿಂಬಿಗೆ ಸರೀತು, ಇಳಿದೆ. ಫ್ಯಾನ್ ಗಾಳಿಗೆ ಪರದೆ ಸರಿದು ಈಗ ಮತ್ತೆ ಕಿವಿ ಹತ್ರ ಬಂದಿದೆ.

"ಯಾಕೆ ಹೊಡೆದೆ?" ಅಂದ ಈಗ. ಕಣ್ಣು ಬಿಡದೆ.

ಬರೀತಾ ಕೂತಿದ್ದೀನಿ, ಅವನು ಕಾಯ್ತಿದ್ದಾನೆ. ಹೇಳ್ತೀನಿ ಕಣೋ, ಇದೊಂದು ಸಾಲು ಮುಗಿಸಿ

ಫೋನ್ ನಡುಗ್ತು. ಹತ್ತು ಗಂಟೆ. "ಅಕ್ಕಾ" ಅಂತಿದ್ದಾನೆ. ಏಳ್ತೀನಿ, ಬಟ್ಟೆ