ಒಂಟಿ ಸೆನ್ಸರ್ ಹೇಳಿದ ನಿಜ

ಮಾರ್ಚ್ ೧೪

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವ, ನಮ್ಮ ತುಂಟಿ ಚೆನ್ನಾಗಿದ್ದಾರೆಯೇ? ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದವಳನ್ನು ಬೈದುಕೊಂಡೇ ಓದು, ಆದರೆ ಪೂರ್ತಿ ಓದು. ಸುದ್ದಿ ಅಂಥದ್ದು!

ನೀನು ಡೈವಿಂಗ್ ಬಿಟ್ಟು ಮಕ್ಕಳಿಗೆ ಈಜು ಕಲಿಸಲು ಹೋದಾಗಿನಿಂದ, ಎರಡು ತಿಂಗಳು, ನಿನ್ನ ರೀಬ್ರೀದರ್, ಬಿಟ್ಟ ಉಸಿರನ್ನೇ ಶುದ್ಧಮಾಡಿ ಆಮ್ಲಜನಕ ಸೇರಿಸಿ ಕೊಡುವ ನಿನ್ನ ಆ ಉಸಿರಾಟದ ಯಂತ್ರ, ನಮ್ಮ ವರ್ಕ್‌ಶಾಪಿನ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ನಿನ್ನೆ ಮನಸ್ಸು ತಡೆಯದೆ ಕೆಳಗಿಳಿಸಿದೆ. ಅದರ ಮೂರು ಆಮ್ಲಜನಕ ಸೆನ್ಸರ್‌ಗಳಿಗೂ ಶುದ್ಧ ಆಮ್ಲಜನಕ ಹರಿಸಿ ಅಳತೆ ಹೊಂದಿಸಿದೆ. ಮೂರೂ ಒಳ್ಳೆಯ ಮಕ್ಕಳ ಹಾಗೆ ಒಂದೇ ಉತ್ತರ ಕೊಟ್ಟವು. ಆಮೇಲೆ ಒತ್ತಡದ ಡಬ್ಬಿಯಲ್ಲಿಟ್ಟು, ನೀರಿನಾಳದಲ್ಲಿರುವಷ್ಟು ಒತ್ತಡ ಏರಿಸಿದೆ. ಮೂರರಲ್ಲಿ ಹೊಸದೊಂದು ಸರಸರನೆ ಏರಿತು. ಹಳೆಯ ಎರಡು ಅರ್ಧ ದಾರಿಯಲ್ಲೇ ಮೊಂಡು ಹಿಡಿದು ಕೂತವು! ಯಂತ್ರದ ದಾಖಲೆ ತೆಗೆದು ನೋಡಿದರೆ, ನೀನು ನೀರಿನಡಿಯ ಕೆಲಸ ಅರ್ಧಕ್ಕೇ ಬಿಟ್ಟು ಮೇಲೆ ಬಂದ ದಿನವೂ ಅವೆರಡು ಅದೇ ಅಂಕಿಯಲ್ಲಿ ನಿಂತಿವೆ.

ಅಮ್ಮನಿಗೆ ಹೇಳಿದೆ: "ಮೂರು ಸೆನ್ಸರಲ್ಲಿ ಯಂತ್ರ ಇಬ್ಬರ ಮಾತು ಕೇಳುತ್ತಮ್ಮ. ಆಮ್ಲಜನಕ ಸಾಲದು ಅಂತ ಸುರೀತಾನೇ ಇತ್ತು. ಅಕ್ಕ ಮೂರನೇದನ್ನ ನಂಬಿ ಮೇಲೆ ಬಂದ್ಲು."

"ಇಬ್ರು ಸೇರ್ಕೊಂಡು ಸುಳ್ಳು ಹೇಳಿದ್ರೆ ಪಾಪ ಮೂರನೆಯವಳ ಗತಿ?" ಎಂದು ಸೌಟು ಹಿಡಿದುಕೊಂಡೇ ಕಣ್ಣೊರೆಸಿಕೊಂಡಳು.

ಸೂಪರ್‌ವೈಸರ್ ಕನ್ನಡಕ ಒರೆಸಿ ಒರೆಸಿ ಆ ದಾಖಲೆಯನ್ನು ಮೂರು ಸಲ ನೋಡಿದರು. "ಛೇ! ಹೆದರ್ಕೊಂಡು ಓಡಿ ಬಂದ್ಲು ಅಂತ ಪಟ್ಟಿಯಿಂದ ತೆಗೆದುಬಿಟ್ನಲ್ಲಮ್ಮ. ಇನ್ನೈದು ನಿಮಿಷ ಇದ್ದಿದ್ರೆ ಆಮ್ಲಜನಕ ಅತಿಯಾಗಿ ಫಿಟ್ಸ್ ಬಂದು ಅಲ್ಲೇ ಹೋಗ್ತಿದ್ಲು" ಎಂದರು. ನಿನ್ನ ಹೆಸರು ಮತ್ತೆ ಡೈವರ್‌ಗಳ ಪಟ್ಟಿಗೆ ಬಂದಿದೆ. ಕ್ಷಮೆ ಕೇಳುವ ಪತ್ರ ಅವರದೇ ಕೈಬರಹದಲ್ಲಿ ಬರುತ್ತದೆ. ಓದಲಾಗದಿದ್ದರೆ ಔಷಧಿ ಅಂಗಡಿಯವರಿಗೆ ತೋರಿಸು.

ನನಗಂತೂ ಕಾಲು ನೆಲದ ಮೇಲಿಲ್ಲ, ಅಕ್ಕ. ನೀನು ಬದುಕಿದ್ದೀಯ, ಅದೂ ನಿನ್ನ ಬುದ್ಧಿಯಿಂದಲೇ. ತುಂಟಿಗೆ ನೂರು ಮುತ್ತು. ಅಮ್ಮ ನಿಮ್ಮೆಲ್ಲರಿಗೂ ಮನಸ್ಸು ತುಂಬಿ ಹರಸಿದ್ದಾಳೆ.

ನಿನ್ನ ತಂಗಿ,
ವಟವಟಿ

ಮರೆತ ಮಾತೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನೀನು ನೀರಿಗಿಳಿಯುವ ಹಿಂದಿನ ಸಂಜೆಯ ತಪಾಸಣೆಯಲ್ಲಿ ಆ ಎರಡು ಹಳೆಯ ಸೆನ್ಸರ್‌ಗಳನ್ನು ನಾನು ಒತ್ತಡದ ಡಬ್ಬಿಗೆ ಹಾಕಿರಲೇ ಇಲ್ಲ. ಹೊಸದೊಂದನ್ನು ಪರೀಕ್ಷಿಸಿ, ಮೂರಕ್ಕೂ ಸರಿ ಎಂದು ಗುರುತು ಹಾಕಿ, ಸಹಿ ಮಾಡಿ ಐದು ಗಂಟೆಯ ಬಸ್ಸಿಗೆ ಓಡಿದ್ದೆ. ಸೂಪರ್‌ವೈಸರ್‌ಗೆ ಇಂದು ಎಲ್ಲ ಹೇಳಿದ್ದೇನೆ. ಅವರಿಗೆ ಮೊದಲೇ ಗೊತ್ತಿರುವ, ನಿನಗೆ ಮಾತ್ರ ಗೊತ್ತಿಲ್ಲದ ಇನ್ನೊಂದಿದೆ. "ಅಕ್ಕ ಹೆದರಿರಬೇಕು ಸಾರ್" ಎಂದು ನೀನು ಮೇಲೆ ಬಂದ ದಿನ ಅವರಿಗೆ ಹೇಳಿದವಳು ನಾನೇ.