ಮಾರ್ಲ್ ಲೇನಿನ ಮಣ್ಣು

ಅಪ್ಪ,

ಊರೂರಿನ ಕಸುಬುದಾರರ ಹೆಸರಿರುವ ೧೮೬೮ರ ಕೌಂಟಿ ಡೈರೆಕ್ಟರಿಯನ್ನು ಇವತ್ತು ತೆರೆದೆ. ನಮ್ಮೂರಿನ ಪುಟದಲ್ಲಿ ನಿನ್ನ ಮುತ್ತಜ್ಜನೇ ಇದ್ದಾನೆ: ‘ಜೇಬೆಜ್ ಥರ್ಲೋ, ಆರ್ಸೆನಿಕ್ ಪಾಷಾಣದ ಕಾರ್ಖಾನೆಯ ಮೇಲ್ವಿಚಾರಕ, ಮಾರ್ಲ್ ಲೇನ್.’

ವರ್ಷಗಳ ಹಿಂದೆ ಅಲ್ಲಿ ಶಾಲೆ ಕಟ್ಟಲು ಹೊರಟಾಗ, “ಆ ಮಣ್ಣಲ್ಲಿ ವಿಷ ಇದೆ, ನಮ್ಮಜ್ಜಿ ಹೇಳ್ತಿದ್ಲು” ಎಂದು ನೀನು ಸಭೆಯಲ್ಲಿ ಕೂಗಿದ್ದೆ. ಜಾಗದ ಇತಿಹಾಸ ಪರಿಶೀಲಿಸಲು ಕೌನ್ಸಿಲ್ ನೇಮಿಸಿದ್ದ ನಾನು ೧೮೭೫ರ ಡೈರೆಕ್ಟರಿ ಎತ್ತಿ ಹಿಡಿದು, ಅದರಲ್ಲಿ ಕಾರ್ಖಾನೆಯೇ ಇಲ್ಲವೆಂದು ತೋರಿಸಿದೆ.

“ಮುಚ್ಚಿಹೋದದ್ದನ್ನ ಯಾಕೋ ಅಚ್ಚು ಹಾಕ್ತಾರೆ, ಪಂಡಿತ? ಹಳೇದನ್ನೂ ನೋಡು!” ಎಂದೆ ನೀನು. ಸಭೆ ನಕ್ಕಿತು. ನಾನೂ ನಕ್ಕೆ.

ಇವತ್ತು ಆ ಪುಟದ ಪ್ರತಿ ಹಿಡಿದು ಕೌನ್ಸಿಲ್ಲಿಗೆ ಹೋಗಿ ಕೂಗಾಡಿದೆ. ಗುಮಾಸ್ತೆ ಹಳೆಯ ಕಡತ ಬಿಚ್ಚಿದಳು. “ಆ ಜಾಗದಲ್ಲಿ ಏನೂ ಇರ್ಲಿಲ್ಲ ಅಂತ ಬರ್ಕೊಟ್ಟೋರು ನೀವೇ ಅಲ್ವಾ ಸಾರ್?”

ಮನೆಗೆ ಬಂದರೆ, ಮೊಮ್ಮಗಳು ಅದೇ ಶಾಲೆಯ ತೋಟದ ಕ್ಯಾರೆಟ್ಟುಗಳನ್ನು ತೊಳೆದು ಮೇಜಿನ ಮೇಲಿಟ್ಟಿದ್ದಾಳೆ. ಒಂದನ್ನು ಆಗಲೇ ಕಚ್ಚಿದ್ದಾಳೆ.