ಗುಲಾಬಬಿಯ ಪಗಾರ

ಬ್ಯಾಡಗಿ
18 ಫೆಬ್ರುವರಿ 2025

ಪ್ರೀತಿಯ ನಾಗರತ್ನಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಬೈಯಬೇಡ, ಬಲಗೈ ಪ್ಲಾಸ್ಟರಿನಲ್ಲಿತ್ತು. ಅತ್ತೆಯನ್ನು ಬಚ್ಚಲಿನಿಂದ ಎತ್ತಿ ತರುವಾಗ ಜಾರಿದೆ. ಅವರಿಗೆ ಏನೂ ಆಗಲಿಲ್ಲ, ಹಾಗಾಗಿ ಮನೆಯವರ ಪಾಲಿಗೆ ಏನೂ ಆಗಿಲ್ಲ. ಫೋನಿನಲ್ಲಿ ಹೇಳಿದರೆ ಮನೆಯೆಲ್ಲ ಕೇಳುತ್ತದೆ, ಅದಕ್ಕೇ ಈ ಸೊಟ್ಟ ಅಕ್ಷರ.

ಅತ್ತೆ ಹಾಸಿಗೆ ಹಿಡಿದು ನಾನು ಕೆಲಸ ಬಿಟ್ಟ ಈ ಒಂಬತ್ತು ವರ್ಷದಲ್ಲಿ ಮೊದಲ ಸಲ ಈ ಮನೆಯ ಗಂಡಸರು ಅತ್ತೆಯ ಹಾಸಿಗೆಯ ಹತ್ತಿರ ನಿಂತರು. ನನ್ನ ಗಂಡ ಮೂಗಿಗೆ ಟವೆಲ್ಲು ಹಿಡಿದುಕೊಂಡಿದ್ದ. ಮೆಣಸಿನಕಾಯಿ ಘಾಟಿನಲ್ಲಿ ದಿನವಿಡೀ ಸೀನದೆ ಕೂರುವ ಮನುಷ್ಯ ಅವನು. ಹಾವೇರಿಯಿಂದ ಬಂದ ಮೈದುನ ಪ್ರೇಮಕುಮಾರ, "ಇದು ಗಂಡಸರ ಕಡಿಂದ ಆಗೂ ಕೆಲಸ ಅಲ್ಲ" ಎಂದು ತೀರ್ಪು ಕೊಟ್ಟು, ಚಹಾ ಕುಡಿದು ಹೋದ. ಮರುದಿನ ಗುಲಾಬಬಿ ಎಂಬಾಕೆಯನ್ನು ಪಗಾರಕ್ಕೆ ಗೊತ್ತು ಮಾಡಿದರು. ಹಗಲು ಮಾತ್ರ, ಭಾನುವಾರ ರಜೆ.

ನಿನ್ನೆ ಪ್ಲಾಸ್ಟರ್ ತೆಗೆದರು. ದಾರಿಯಲ್ಲೇ ನನ್ನ ಗಂಡ, "ನಾಳಿಂದ ಆಕಿನ್ನ ಬಿಡಿಸೂಣು. ಸುಮ್ನ ಪಗಾರ ಯಾಕ ದಂಡ?" ಎಂದ. ರಾಣೆಬೆನ್ನೂರಿನಲ್ಲಿ ನಾವಿಬ್ಬರೂ ಮೊಳಕೆ ಎಣಿಸುತ್ತಿದ್ದ ಬೀಜದ ಕಂಪನಿಯಲ್ಲಿ ಜಾಗ ಖಾಲಿ ಇದೆಯೆಂದು ನೀನು ಬರೆದದ್ದನ್ನು ಹೇಳಿದೆ. "ಮನ್ಯಾಗ ಕುಂತು ಉಣ್ಣಾಕ ನಿನಗೇನ ಕಡಿಮಿ ಆಗೇತಿ?" ಎಂದ. ಕುಂತು ಅಂತೆ. ಪ್ರೇಮಕುಮಾರ ಫೋನಿನಲ್ಲಿ ಇನ್ನೂ ಒಂದು ಮೆಟ್ಟಿಲು ಹತ್ತಿದ: "ವೈನಿ, ನೀವು ಈ ಮನಿ ದೇವರು." ದೇವರಿಗೆ ಪಗಾರ ಕೊಡುವ ಪದ್ಧತಿ ಇಲ್ಲವಲ್ಲ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ, ಪಾಪ. ಆದರೆ ಒಂದನೇ ತಾರೀಖಿನಿಂದ ನಾನು ಕೆಲಸಕ್ಕೆ ಬರುವವಳೇ. ಗುಲಾಬಬಿಯನ್ನು ಬಿಡಿಸಬೇಡಿ ಎಂದು ಇಬ್ಬರಿಗೂ ಹೇಳಿದ್ದೇನೆ. ಬಿಡಿಸಿದರೆ ಟವೆಲ್ಲು ಹೇಗೂ ಇದೆ.

ಅರ್ಜಿ ಇದರ ಜೊತೆಗಿದೆ. ಎಷ್ಟು ಪಗಾರ ಬೇಕು ಎಂದು ಕೇಳಿರುವ ಜಾಗ ಖಾಲಿ ಬಿಟ್ಟಿದ್ದೇನೆ, ನೀನೇ ತುಂಬು. ನಿನ್ನ ಮಗಳಿಗೆ ಆಶೀರ್ವಾದ. ಅವಳು ದುಡಿದು ಉಣ್ಣಲಿ, ಯಾರ ಮನೆಯ ದೇವರೂ ಆಗದಿರಲಿ.

ನಿನ್ನ
ಅರುಣಾ

ತಾ.ಕ.: ಆ ಜಾಗ ಯಾಕೆ ಖಾಲಿ ಬಿಟ್ಟೆ ಎಂದು ಕೇಳುತ್ತೀ. ಮೊದಲ ದಿನ ಗುಲಾಬಬಿ ನನ್ನನ್ನು ಹಳೆಯ ಕೆಲಸದವಳು ಎಂದುಕೊಂಡಿದ್ದಳು. ಅತ್ತೆಯನ್ನು ಮಗ್ಗುಲು ತಿರುಗಿಸುವುದು ಹೇಗೆಂದು ಹೇಳಿಕೊಡುತ್ತಿದ್ದಾಗ, "ಕೈ ಮುರೀತಂತ ನಿನ್ನ ಬಿಡಿಸ್ಯಾರೇನ ಅಕ್ಕಾ? ಎಷ್ಟ ಕೊಡ್ತಿದ್ರು?" ಎಂದಳು. ನಾನು ಸೊಸೆ ಎನ್ನಲು ನಾಚಿಕೆಯಾಯಿತು. ಕಂಪನಿ ಬಿಟ್ಟಾಗ ಬರುತ್ತಿದ್ದ ಎಂಟು ಸಾವಿರವನ್ನೇ ಹೇಳಿದೆ, ಅದಕ್ಕಿಂತ ದೊಡ್ಡ ಸುಳ್ಳು ಬಾಯಿಗೆ ಬರಲಿಲ್ಲ. ಅವಳು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದಳು. "ಅಷ್ಟಕ್ಕ ಯಾಕ ದುಡದಿ ಅಕ್ಕಾ? ನನಗ ಹನ್ನೆರಡು ಸಾವಿರ ಅಂದಾರ."